ಎತ್ತಿ ಆಡಿಸಿದ ಕೈ

ಇಟ್ಟಮಡು
12–10–1958

ತಮ್ಮ ಪಿಳ್ಳಪ್ಪನಿಗೆ ಅಕ್ಕ ಅಂಜನಮ್ಮನ ಆಶೀರ್ವಾದ.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಕ್ಷೇಮವಾಗಿರುವುದು ಪೇಪರಿನಿಂದ ತಿಳಿಯಿತು. ಒಡಹುಟ್ಟಿದ ಅಕ್ಕನಿಗೆ ಒಂದು ಕಾರ್ಡು ಹಾಕದವನ ಸಮಾಚಾರವನ್ನು ಜಯನಗರದ ಗುರುಶಾಂತಪ್ಪ ಮೇಷ್ಟ್ರು ಪೇಪರ್ ಓದಿ ಹೇಳಬೇಕಾಗಿದೆ. ಬೆಳಗಿನ ಹಾಲು ಹಾಕಲು ಹೋದಾಗಲೆಲ್ಲ ಕನ್ನಡಕ ಏರಿಸಿಕೊಂಡು ಕಾಯುತ್ತಿರುತ್ತಾರೆ. "ನಿಮ್ಮ ತಮ್ಮ ನಿನ್ನೆ ಒಂದು ಗೋಲೂ ಬಿಟ್ಟಿಲ್ಲ ಕಣಮ್ಮ" ಎನ್ನುತ್ತಾರೆ. ಅವರಿಗೆ ನಿನ್ನ ಆಟದ ಮೇಲೆ ಎಷ್ಟು ಹುಚ್ಚೋ, ನಮ್ಮ ಹಾಲಿಗೆ ನೀರು ಸೇರಿದೆಯೇ ಎಂದು ಕೇಳುವುದನ್ನೇ ಮರೆತಿದ್ದಾರೆ.

ವಿಷಯಕ್ಕೆ ಬರುತ್ತೇನೆ. ಸೀತೂಗೆ ಗಂಡು ಗೊತ್ತಾಯಿತು. ಹುಳಿಮಾವಿನ ರಾಮಯ್ಯನವರ ಎರಡನೆಯ ಮಗ. ಕೆರೆಯ ಕೆಳಗೆ ಗದ್ದೆ ಇದೆ, ಹುಡುಗ ಎಸ್ಸೆಲ್ಸಿ ಪಾಸು ಮಾಡಿದ್ದಾನೆ. ಮಾತು ಕಡಿಮೆ. ನಿನ್ನ ಸೊಸೆ ಇಬ್ಬರ ಪಾಲಿನದನ್ನೂ ಆಡುತ್ತಾಳೆ, ಆದ್ದರಿಂದ ಚಿಂತೆಯಿಲ್ಲ.

ನಿನ್ನ ಭಾವನ ಸಿಟ್ಟು ಇಳಿದಿದೆಯೇ ಎಂದು ನೀನು ಕೇಳುತ್ತೀಯೆ. ಇಳಿದಿಲ್ಲ. ಅವರ ಕಡೆಯಿಂದಲೂ ನೋಡು. ಅವ್ವ ಹೋದಾಗ ಒಂಬತ್ತು ವರ್ಷದ ನಿನ್ನ ಕೈ ಹಿಡಿದು ಈ ಮನೆಗೆ ಕರೆತಂದವರು ಅವರು. ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕೇಳದೆಯೇ ಆಗುವ ಕೆಲಸ ಎಂದುಕೊಂಡು ಅವರು ನಾಲ್ಕು ಜನರ ಮುಂದೆ ಮಾತೆತ್ತಿದರು. ನೀನು ಆ ನಾಲ್ಕು ಜನರ ಮುಂದೆಯೇ "ಎತ್ತಿ ಆಡಿಸಿದ ಕೈಯಲ್ಲಿ ತಾಳಿ ಕಟ್ಟಕ್ಕಾಗಲ್ಲ ಭಾವ" ಎಂದುಬಿಟ್ಟೆ. ನೀನು ಹೇಳಿದ್ದು ನನಗೆ ಸರಿ ಎನ್ನಿಸಿತು. ಆದರೆ ಅವರಿಗೆ ಕೇಳಿಸಿದ್ದು ತಮ್ಮ ಮಗಳು ಬೇಡ ಎಂಬುದೊಂದೇ. ಅವತ್ತು ಬಟ್ಟೆ ಗಂಟು ಕಟ್ಟಿಕೊಂಡು ಹೋದವನು ನೀನು, ಮೂರು ವರ್ಷವಾಯಿತು.

ಈಗ ಕೇಳು. ನಿನ್ನೆ ಊಟಕ್ಕೆ ಕುಳಿತಾಗ ಅವರಾಗಿಯೇ ನಿನ್ನ ಮಾತೆತ್ತಿದರು. "ಮಗೀನ ಹಸೆಗೆ ಎತ್ಕಂಡ್ ಬರೋನು ಸೋದರಮಾವ. ಅವನೇ ಬರ್ಲಿ. ತಾಳಿ ಕಟ್ಟಕ್ಕಾಗ್ದಿದ್ ಕೈಗೆ ಅದಾದ್ರೂ ಆಯ್ತದಾ ನೋಡಾನ. ಅವತ್ತೂ ಬರ್ಲಿಲ್ಲ ಅಂದ್ರೆ ಈ ಹೊಸ್ಲು ಅವನಿಗಿಲ್ಲ" ಎಂದರು. ಇದು ಬೈಗುಳ ಎಂದು ತಿಳಿಯಬೇಡ. ಮೂರು ವರ್ಷದಲ್ಲಿ ಅವರು ತೆಗೆದ ಮೊದಲ ಬಾಗಿಲು ಇದು. ನಿನ್ನ ಭಾವನಿಗೆ ಕರೆಯುವುದಕ್ಕೆ ಬರುವುದೇ ಹೀಗೆ.

ಉತ್ತರ ಬರೆ.

ನಿನ್ನ ಅಕ್ಕ,
ಅಂಜನಮ್ಮ


ಹಲಸೂರು
20–10–1958

ಅಕ್ಕನಿಗೆ ಪಿಳ್ಳಪ್ಪನ ನಮಸ್ಕಾರಗಳು.

ಕಾಗದ ತಲುಪಿತು. ಎರಡು ಸಲ ಓದಿದೆ. ಬರುತ್ತೇನೆಂದು ಭಾವನಿಗೆ ಹೇಳು. ಹಸೆಗೆ ನಾನೇ ಎತ್ತಿಕೊಂಡು ಬರುತ್ತೇನೆ. ಸೀತೂ ಚಿಕ್ಕವಳಿದ್ದಾಗ ಬನಶಂಕರಿ ಗುಡಿಯವರೆಗೂ ಸೊಂಟದ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆ, ದಾರಿಯುದ್ದಕ್ಕೂ ನನ್ನ ಕಿವಿ ಹಿಡಿದು ಎಳೆಯುತ್ತಿದ್ದಳು. ಈಗ ಎಷ್ಟು ತೂಕವಿದ್ದಾಳೋ ತಿಳಿಸು, ಅಭ್ಯಾಸ ಮಾಡಿಕೊಳ್ಳಬೇಕು.

ಒಂದು ಮಾತು ಹೇಳಬೇಕು. ನಮ್ಮ ಕಾರ್ಖಾನೆಯ ಫುಟ್‌ಬಾಲ್ ತಂಡ ಈ ವರ್ಷ ಕಲ್ಕತ್ತದ ಅಖಿಲ ಭಾರತ ಕಪ್ಪಿಗೆ ಹೋಗುತ್ತದೆ. ಇದು ನಾಕೌಟ್. ಒಂದು ಸಲ ಸೋತವರು ಗಂಟುಮೂಟೆ ಕಟ್ಟಬೇಕು, ಇನ್ನೊಂದು ಸಲ ಎನ್ನುವುದಿಲ್ಲ. ದೇಶದ ದೊಡ್ಡ ದೊಡ್ಡ ತಂಡಗಳೆಲ್ಲ ಬರುತ್ತವೆ. ನಮ್ಮವರೆಲ್ಲ ಗೌತಮಪುರ, ಆಸ್ಟಿನ್ ಟೌನಿನ ಹುಡುಗರು, ಹುಟ್ಟಿದಾಗಿನಿಂದ ಚೆಂಡು ಒದ್ದವರು. ಹಳ್ಳಿಯಿಂದ ಬಂದವನು ನಾನೊಬ್ಬನೇ. ಕ್ಯಾಪ್ಟನ್ ಆರೋಗ್ಯಸ್ವಾಮಿ ನನ್ನನ್ನು ಮೊದಲ ಸಲ ನೋಡಿದಾಗ "ಈ ಕೈ ಎಲ್ಲಿ ಕಲಿತೆಯಪ್ಪ" ಎಂದು ಕೇಳಿದ್ದರು. ರಾಗಿ ಮೆದೆಯ ಮೇಲೆ ಎಂದೆ. ತಮಾಷೆ ಎಂದುಕೊಂಡರು.

ಮುಹೂರ್ತ ಇಡುವ ಮೊದಲು ನನಗೊಂದು ಕಾಗದ ಹಾಕು. ಅಷ್ಟು ಸಾಕು.

ಪಿಳ್ಳಪ್ಪ


ಇಟ್ಟಮಡು
14–12–1958

ಚಿರಂಜೀವಿ ಪಿಳ್ಳಪ್ಪನಿಗೆ,

ರಾಗಿ ಕೊಯ್ಲು ಮುಗಿಯಿತು. ಹೋದ ವಾರ ಮೆದೆ ಒಟ್ಟಿದೆವು. ನಿನ್ನ ಭಾವ ಎಂದಿನಂತೆ ಕೆಳಗೆ ನಿಂತು ಕಂತೆ ಎಸೆದರು. ಮೇಲೆ ನಿಂತು ಹಿಡಿಯಲು ಕತ್ರಿಗುಪ್ಪೆಯಿಂದ ಒಬ್ಬ ಆಳು ಬಂದಿದ್ದ. ಪಾಪ, ನಾಲ್ಕಕ್ಕೆ ಒಂದನ್ನು ಬಿಡುತ್ತಿದ್ದ. ಒಂದು ಕಂತೆ ಇವರ ತಲೆಯ ಮೇಲೆಯೇ ಬಿತ್ತು. ಮೈಯೆಲ್ಲ ಹುಲ್ಲು ಕೊಡವಿಕೊಂಡು "ಏನ್ಲಾ, ಹಂಗಾ ಹಿಡಿಯೋದು? ನಮ್ ಪಿಳ್ಳ ಹತ್ತು ವರ್ಷದೋನು ಹಿಡೀತಿದ್ದ, ಒಂದಾದ್ರೂ" ಎಂದವರು ಅಲ್ಲಿಗೇ ನಿಲ್ಲಿಸಿದರು. ನಾನು ಅಂಬಲಿ ಚೆಂಬು ಹಿಡಿದು ಹಿಂದೆ ನಿಂತಿದ್ದೆ. ನಾನು ಕೇಳಿಸಿಕೊಂಡೆ ಎಂದು ಅವರಿಗೆ ಗೊತ್ತಾಯಿತು. ಆಮೇಲೆ ಸಂಜೆಯವರೆಗೂ ನನ್ನೊಂದಿಗೆ ಮಾತಿಲ್ಲ, ತಪ್ಪು ನನ್ನದೇ ಎಂಬಂತೆ.

"ನಮ್ ಪಿಳ್ಳ" ಎಂದರು. ಅದಕ್ಕೇ ಬರೆದೆ.

ಐನೋರು ಫೆಬ್ರವರಿಯಲ್ಲಿ ಒಳ್ಳೆಯ ದಿನಗಳಿವೆ ಎಂದಿದ್ದಾರೆ. ನಿನ್ನ ಆಟ ಯಾವತ್ತು ಮುಗಿಯುತ್ತದೆ, ಕಲ್ಕತ್ತದಿಂದ ಇಲ್ಲಿಗೆ ರೈಲು ಎಷ್ಟು ದಿನ, ಎರಡನ್ನೂ ತಿಳಿಸು. ಅದನ್ನು ನೋಡಿಕೊಂಡೇ ಮುಹೂರ್ತ ಇಡಿಸುತ್ತೇನೆ. ನಿನ್ನ ಭಾವನಿಗೆ ಇದು ಐನೋರು ಇಟ್ಟ ದಿನ ಎಂದೇ ಗೊತ್ತಾಗಲಿ.

ಅಂಜನಮ್ಮ


ಹಲಸೂರು
4–1–1959

ಅಕ್ಕನಿಗೆ ನಮಸ್ಕಾರ.

ಮೊದಲ ಸುತ್ತಿನಲ್ಲೇ ಸೋತರೆ ಜನವರಿ ಕೊನೆಗೇ ಬಂದುಬಿಡುತ್ತೇನೆ, ಚಪ್ಪರದ ಕಂಬ ನೆಡಲು ಒಬ್ಬ ಆಳು ಸಿಕ್ಕಂತಾಗುತ್ತದೆ. ಫೈನಲಿಗೆ ಹೋದರೆ ಅದು ಫೆಬ್ರವರಿ 14, ಶನಿವಾರ. ಭಾನುವಾರ ಸಂಜೆ ಮದ್ರಾಸ್ ಮೇಲ್ ಹತ್ತಿದರೆ ಬುಧವಾರ ಬೆಳಿಗ್ಗೆಯೊಳಗೆ ಬೆಂಗಳೂರು. ಗುರುವಾರ 19ಕ್ಕೆ ಧಾರೆ ಇಟ್ಟರೆ ಯಾವ ತೊಂದರೆಯೂ ಇಲ್ಲ.

ಫೈನಲಿಗೆ ಹೋಗುತ್ತೇವೆ ಎಂದು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ನಿನ್ನ ಹತ್ತಿರ ಮುಚ್ಚಿಡುವುದೇನು. ಹೋಗಬೇಕೆಂದು ತುಂಬ ಆಸೆಯಿದೆ ಅಕ್ಕ. ಗೋಲಿನಲ್ಲಿ ನಿಲ್ಲುವವನ ಹೆಸರು ಜನಕ್ಕೆ ನೆನಪಾಗುವುದು ಅವನು ಚೆಂಡು ಬಿಟ್ಟಾಗ ಮಾತ್ರ. ಹಿಡಿದದ್ದಕ್ಕಾಗಿ ಒಂದು ಸಲ ನೆನಪಿಸಿಕೊಳ್ಳಲಿ ಎಂದು ನನ್ನ ಆಸೆ. ಅದೂ ಯಾರು ನೆನಪಿಸಿಕೊಳ್ಳಬೇಕು ಎಂದು ನಿನಗೆ ಗೊತ್ತು.

ಪಿಳ್ಳಪ್ಪ


ಇಟ್ಟಮಡು
25–1–1959

ಪಿಳ್ಳಪ್ಪನಿಗೆ ಆಶೀರ್ವಾದ.

ಫೆಬ್ರವರಿ 19, ಗುರುವಾರ ಗಟ್ಟಿಯಾಯಿತು. ಲಗ್ನಪತ್ರಿಕೆ ಅಚ್ಚಾಗಿ ಬಂತು, ಒಂದನ್ನು ಇದರೊಂದಿಗೆ ಇಟ್ಟಿದ್ದೇನೆ. ಮನೆ ತುಂಬ ಅರಿಶಿನ, ಅಕ್ಕಿ, ನೆಂಟರು, ಜಗಳ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಎರಡರಲ್ಲಿ ಒಂದನ್ನಾದರೂ ಬಿಟ್ಟಿದ್ದರೆ ಚೆನ್ನಾಗಿತ್ತು.

ನೀನು ಕಲ್ಕತ್ತಕ್ಕೆ ಹೊರಟಿದ್ದನ್ನು ಮೇಷ್ಟ್ರು ಪೇಪರಿನಲ್ಲಿ ತೋರಿಸಿದರು. ಹನ್ನೊಂದು ಜನ ಸಾಲಾಗಿ ನಿಂತಿದ್ದೀರಿ, ನಿನ್ನ ತಲೆ ಮಾತ್ರ ಅರ್ಧ ಕತ್ತರಿಸಿದೆ. ಹೆಸರು ಪಿಳ್ಳಪ್ಪ, ಆಳು ಪಟದಲ್ಲಿ ಹಿಡಿಸುವುದಿಲ್ಲ. ಸೀತೂ ಆ ಪಟವನ್ನು ಕತ್ತರಿಸಿ ತನ್ನ ಟ್ರಂಕಿನ ಮುಚ್ಚಳದೊಳಗೆ ಅಂಟಿಸಿದ್ದಾಳೆ. ಅದು ಅವಳೊಂದಿಗೆ ಹುಳಿಮಾವಿಗೆ ಹೋಗುವ ಟ್ರಂಕು.

ಒಂದು ತಮಾಷೆ. ನಿನ್ನ ಭಾವ ಸಂಜೆ ಹಾಲು ಹಾಕಲು ಹೋದವರು ಈಚೆಗೆ ಮೇಷ್ಟ್ರ ಮನೆಯಿಂದ ತಡವಾಗಿ ಬರುತ್ತಾರೆ. ಕೇಳಿದರೆ ಸೈಕಲ್ ಪಂಕ್ಚರ್ ಎನ್ನುತ್ತಾರೆ. ವಾರಕ್ಕೆ ಮೂರು ಪಂಕ್ಚರ್. ಮೇಷ್ಟ್ರನ್ನು ಕೇಳಿದೆ. "ಬೈರಣ್ಣ ಏನೂ ಕೇಳಲ್ಲಮ್ಮ. ಬಾಗಿಲ ಹತ್ರ ಕೂತಿರ್ತಾನೆ. ನಾನೇ ಜೋರಾಗಿ ಪೇಪರ್ ಓದ್ತೀನಿ" ಎಂದರು. ಇಬ್ಬರೂ ಹೀಗೆ ನಾಟಕವಾಡಿಕೊಂಡಿದ್ದಾರೆ.

ನನಗೆ ಭಯವೂ ಇದೆ. ನೆಂಟರಿಗೆಲ್ಲ "ನನ್ನ ಬಾಮೈದ ಬತ್ತಾನೆ, ಅವನೇ ಎತ್ಕಂಡ್ ಬರೋದು" ಎಂದು ಹೇಳಿಕೊಂಡು ಬರುತ್ತಿದ್ದಾರೆ. ಹೇಳಿದ್ದು ಹುಸಿಯಾದರೆ ಆ ಮನುಷ್ಯನನ್ನು ಮತ್ತೆ ಬಗ್ಗಿಸಲು ನನ್ನಿಂದಾಗದು. ಗೆಲ್ಲು, ಸೋಲು, 19ಕ್ಕೆ ಇಲ್ಲಿರು.

ಅಕ್ಕ


ಕಲ್ಕತ್ತ
11–2–1959

ಅಕ್ಕನಿಗೆ,

ನಿನ್ನೆ ಸೆಮಿಫೈನಲ್ ಗೆದ್ದೆವು. ಕೊನೆಯಲ್ಲಿ ರೆಫರಿ ಅವರಿಗೆ ಪೆನಾಲ್ಟಿ ಕೊಟ್ಟರು. ಪೆನಾಲ್ಟಿ ಎಂದರೆ ಗೋಲಿನ ಮುಂದೆ ನಾನೊಬ್ಬನೇ, ಎದುರಿಗೆ ಒದೆಯುವವನು ಒಬ್ಬನೇ. ಅವನ ಕಣ್ಣು ನೋಡಲಿಲ್ಲ, ಭುಜ ನೋಡಿದೆ. ಭಾವ ಕಂತೆ ಎಸೆಯುವ ಮೊದಲು ಯಾವ ಕಡೆಗೆ ಎಂದು ಭುಜದಲ್ಲೇ ತಿಳಿಯುತ್ತಿತ್ತು. ಬಲಕ್ಕೆ ಬಿದ್ದೆ, ಚೆಂಡು ಕೈಯಲ್ಲಿತ್ತು. ಇಲ್ಲಿಯ ಜನ ಎದುರು ತಂಡದ ಕಡೆಯವರಾದರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಶನಿವಾರ ಫೈನಲ್. ಈ ಊರಿನ ತಂಡವೇ ಎದುರಾಳಿ, ಮೈದಾನವೂ ಅವರದೇ. ಭಾನುವಾರ ಸಂಜೆಯ ಮದ್ರಾಸ್ ಮೇಲ್‌ನಲ್ಲಿ ನನ್ನ ಸೀಟು ಗೊತ್ತಾಗಿದೆ. ಸೀತೂಗೆ ಹಸಿರು ಸೀರೆ ತೆಗೆದಿದ್ದೇನೆ.

ಪಿಳ್ಳಪ್ಪ


ತಂತಿ
ಕಲ್ಕತ್ತ, 14–2–1959

ಆಟ ಸಮ. ಮಂಗಳವಾರ ಮತ್ತೆ ಆಟ. ನಾಳೆ ಸಂಜೆ ರೈಲು. ಬರಲೋ ನಿಲ್ಲಲೋ ತಕ್ಷಣ ತಿಳಿಸು. ಪಿಳ್ಳಪ್ಪ.


ತಂತಿ
ಬೆಂಗಳೂರು, 15–2–1959

ನಿಲ್ಲು. ಹಿಡಿ. ಸೀತೂ ಹೇಳಿದ್ದಾಳೆ. ಅಂಜನಮ್ಮ.


ಇಟ್ಟಮಡು
16–2–1959

ಪಿಳ್ಳಪ್ಪ,

ಈ ಕಾಗದವನ್ನು ನಿನ್ನ ಹಲಸೂರಿನ ರೂಮಿಗೆ ಹಾಕುತ್ತಿದ್ದೇನೆ. ನೀನು ಇದನ್ನು ಒಡೆಯುವ ಹೊತ್ತಿಗೆ ಆಟವೂ ಮುಗಿದಿರುತ್ತದೆ, ಮದುವೆಯೂ ಮುಗಿದಿರುತ್ತದೆ. ಆದರೂ ಈಗಲೇ ಬರೆಯದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ.

ನಿನ್ನೆ ಬೆಳಿಗ್ಗೆ ತಂತಿಯವನು ಚಪ್ಪರದ ಮುಂದೆ ಸೈಕಲ್ ನಿಲ್ಲಿಸಿದ. ಮದುವೆ ಮನೆಗೆ ತಂತಿ ಬಂತೆಂದರೆ ಏನೆಂದುಕೊಳ್ಳುತ್ತಾರೆ? ಒಳಗಿದ್ದ ದೊಡ್ಡಮ್ಮಂದಿರು ಯಾರು ಸತ್ತರೆಂದು ಕೇಳುವ ಮೊದಲೇ ಅಳಲು ಶುರುಮಾಡಿದರು. ನಿನ್ನ ಭಾವ ಬಾಳೆಲೆಗೆ ಹೇಳಲು ಹುಳಿಮಾವಿಗೆ ಹೋಗಿದ್ದರು. ನಾನೂ ಸೀತೂ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜಯನಗರಕ್ಕೆ ಓಡಿದೆವು. ತಂತಿ ಇಂಗ್ಲಿಷಿನಲ್ಲಿತ್ತು, ಮೇಷ್ಟ್ರು ಓದಿ ಹೇಳಿದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಟ ಎಂದ ಮೇಲೆ ಗೆಲ್ಲಬೇಕು, ಇಲ್ಲವೇ ಸೋಲಬೇಕು. ಸಮ ಎಂದರೆ ಏನು? ಇಬ್ಬರು ಜಗಳವಾಡಿ ಸಮ ಎಂದು ಬಿಟ್ಟರೆ ಅವತ್ತಿಗೆ ಮುಗಿಯಿತಲ್ಲ. "ಹಂಗಲ್ಲಮ್ಮ, ಕಪ್ಪು ಒಂದೇ ಇರೋದು. ಫೈನಲ್ ಸಮ ಆದ್ರೆ ಇನ್ನೊಂದು ದಿನ ಆಡಿಸ್ತಾರೆ" ಎಂದರು ಮೇಷ್ಟ್ರು. ಅಷ್ಟು ಲೆಕ್ಕ ಹಾಕಿ, ರೈಲು ನೋಡಿ, ಐನೋರನ್ನು ಒಪ್ಪಿಸಿ ದಿನ ಇಡಿಸಿದವಳು ನಾನು. ಇದೊಂದು ನನಗೆ ಹೊಳೆದಿರಲಿಲ್ಲ. ನಿನಗೂ ಹೊಳೆದಿರಲಿಲ್ಲ ನೋಡು. ಅಕ್ಕನಿಗೆ ತಕ್ಕ ತಮ್ಮ.

ಬಾ ಎಂದು ಬರೆಸೋಣ ಎಂದುಕೊಂಡೆ, ಸುಳ್ಳು ಹೇಳುವುದಿಲ್ಲ. ನಿನ್ನ ಭಾವನ ಮುಖವೇ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಸೀತೂ ಕೇಳಿದಳು. "ಮಾವ ಬಂದ್ಬಿಟ್ರೆ ಅಲ್ಲಿ ಯಾರು ನಿಲ್ತಾರೆ ಮೇಷ್ಟ್ರೇ?" ಇನ್ನೊಬ್ಬ ಹುಡುಗ ಇದ್ದಾನೆ, ಹೊಸಬ ಎಂದರು ಅವರು. ಆಗ ಅವಳು ನನ್ನ ಕಡೆ ತಿರುಗಿ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

"ಅವ್ವ, ಮಾವ ನನ್ನನ್ನ ಬೇಡ ಅಂದ ಅಂತ ಊರೆಲ್ಲ ಅಂದ್ರು. ಅವನು ಅಂದಿದ್ದು ಹಂಗಲ್ಲ. ಎತ್ತಿ ಆಡಿಸ್ದೆ ಅಂದ. ಅಂದ್ರೆ ಮಗಳು ಅಂದಂಗೆ. ಅಪ್ಪ ದೊಡ್ಡ ಕೆಲಸದಲ್ಲಿದ್ರೆ ಮಗಳು ಬಾ ಅಂತ ಎಳೀತಾಳಾ? ಮಾವ ಗೋಲ್ ಬಿಟ್ಟು ಬಂದ್ರೆ ನಾನು ಹಸೆ ಮೇಲೆ ಕೂರಲ್ಲ."

ನಾನು ಹೆತ್ತವಳು, ಇಷ್ಟು ದಿನ ಇವಳು ಬರೀ ಬಾಯಿಬಡುಕಿ ಎಂದುಕೊಂಡಿದ್ದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಟಪಾಲು ಕಚೇರಿಗೆ ಹೊರಟರು.

ನಿನ್ನ ಭಾವನಿಗೆ ಹೇಳಿಲ್ಲ. ತಂತಿ ಏನೆಂದು ಕೇಳಿದರು, ಆಟ ಮುಗಿಯಿತಂತೆ ಎಂದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಿದೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನಾಳೆ ಸಂಜೆ ಚೆನ್ನಾಗಿ ಹಿಡಿ.

ಅಂಜನಮ್ಮ


ಮದ್ರಾಸ್ ಮೇಲ್
19–2–1959, ಗುರುವಾರ

ಅಕ್ಕನಿಗೆ,

ರೈಲಿನಲ್ಲಿ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತವೆ. ಮುಂದಿನ ದೊಡ್ಡ ಸ್ಟೇಷನಿನಲ್ಲಿ ಡಬ್ಬಕ್ಕೆ ಹಾಕುತ್ತೇನೆ. ಲಗ್ನಪತ್ರಿಕೆ ಎದುರಿಗಿದೆ. ಈ ಹೊತ್ತಿಗೆ ಧಾರೆ ನಡೆಯುತ್ತಿರಬೇಕು.

ಗೆದ್ದೆವು ಅಕ್ಕ. ಒಂದಕ್ಕೆ ಸೊನ್ನೆ. ನಮ್ಮ ಊರಿನ ಕಾರ್ಖಾನೆಯ ಹುಡುಗರು, ಕಲ್ಕತ್ತದವರದೇ ಮೈದಾನದಲ್ಲಿ, ಅವರದೇ ಜನರ ಮುಂದೆ ದೇಶದ ಕಪ್ಪು ಗೆದ್ದರು. ಆರೋಗ್ಯಸ್ವಾಮಿ ಮಗುವಿನ ಹಾಗೆ ಅತ್ತರು.

ಶನಿವಾರ ಆಟ ಸಮವಾದಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು "ಹೋಗೋದಾದ್ರೆ ಹೋಗಪ್ಪ, ಅಕ್ಕನ ಮಗಳ ಮದುವೆ ದೊಡ್ಡದು, ನಾವು ತಡಿಯಲ್ಲ" ಎಂದಿದ್ದರು. ಅಷ್ಟು ಹೇಳಿ ಮುಖ ತಿರುಗಿಸಿಕೊಂಡಿದ್ದರು. ಭಾನುವಾರ ನಾನು ಪೆಟ್ಟಿಗೆ ಕಟ್ಟಿಟ್ಟುಕೊಂಡೇ ಕುಳಿತಿದ್ದೆ. ನಿನ್ನ ತಂತಿ ಬಂದಾಗ ಪೆಟ್ಟಿಗೆ ಬಿಚ್ಚಿದೆ. ಸೀತೂ ಹೇಳಿದ್ದಾಳೆ ಎಂಬುದನ್ನು ಎಷ್ಟು ಸಲ ಓದಿದೆನೋ.

ಮಂಗಳವಾರ ಕೊನೆಯ ಹತ್ತು ನಿಮಿಷ ಅವರು ನಮ್ಮ ಗೋಲಿನ ಮುಂದೆಯೇ ಬೀಡುಬಿಟ್ಟಿದ್ದರು. ಕೊನೆಗೊಂದು ಚೆಂಡು ಮೂಲೆಯಿಂದ ಎತ್ತರಕ್ಕೆ ಬಂತು, ಬಿಸಿಲಿಗೆ ಎದುರಾಗಿ. ಕಣ್ಣಿಗೆ ಏನೂ ಕಾಣಿಸಲಿಲ್ಲ. ಮೆದೆಯ ಮೇಲೂ ಸಂಜೆ ಹೀಗೆಯೇ ಬಿಸಿಲು ಹೊಡೆಯುತ್ತಿತ್ತು. ಆಗ ಭಾವ ಕೆಳಗಿನಿಂದ "ಕಣ್ಣಲ್ಲಲ್ಲ ಕಣ್ಲಾ, ಕೈಯಲ್ಲಿ ನೋಡು" ಎಂದು ಕೂಗುತ್ತಿದ್ದರು. ಎಲ್ಲರ ತಲೆಯ ಮೇಲೆ ಎದ್ದು ಕೈ ಚಾಚಿದೆ. ಬಂದು ಕುಳಿತುಕೊಂಡಿತು.

ಆಮೇಲೆ ಕಪ್ಪನ್ನು ಒಬ್ಬೊಬ್ಬರಾಗಿ ಎತ್ತಿದೆವು. ನನ್ನ ಸರದಿಯೂ ಬಂತು. ಬೆಳ್ಳಿಯದು, ಭಾರ ಎಂದು ಎಲ್ಲರೂ ಅಂದರು. ನನಗೆ ಹಗುರವೆನ್ನಿಸಿತು. ನಾನು ಎತ್ತಬೇಕೆಂದು ಹೊರಟದ್ದು ಅದೊಂದನ್ನೇ ಅಲ್ಲವಲ್ಲ.

ಬೆಂಗಳೂರಿಗೆ ಬಂದರೂ ಇಟ್ಟಮಡುವಿಗೆ ಬರುವುದಿಲ್ಲ. ಭಾವ ಹೇಳಿದ ಮಾತು ಹೇಳಿದ್ದೇ. ಅದನ್ನು ಮುರಿದು ಬಂದು ಅವರನ್ನು ಸಣ್ಣವರನ್ನಾಗಿ ಮಾಡಲಾರೆ. ಸೀರೆಯನ್ನು ಮೇಷ್ಟ್ರ ಮನೆಯಲ್ಲಿ ಕೊಟ್ಟು ಹೋಗುತ್ತೇನೆ.

ಪಿಳ್ಳಪ್ಪ


ಇಟ್ಟಮಡು
22–2–1959

ನನ್ನ ತಮ್ಮನಿಗೆ,

ಸೀರೆ ಸಿಕ್ಕಿತು. ಕಾಗದವೂ ಸಿಕ್ಕಿತು. ಜಯನಗರದವರೆಗೆ ಬಂದು ಇಲ್ಲಿಗೆ ಬಾರದೆ ಹೋದೆ. ನಿನ್ನ ಕಾಗದ ಓದಿದ ಮೇಲೆ ಬೈಯಲು ಮನಸ್ಸಾಗಲಿಲ್ಲ.

ಮಂಗಳವಾರದಿಂದ ಹೇಳುತ್ತೇನೆ. ಸಂಜೆ ನಿನ್ನ ಭಾವ ಹಾಲು ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದರಂತೆ. ರೇಡಿಯೋ ಗರಗರ ಎನ್ನುತ್ತಿತ್ತಂತೆ. ಮೇಷ್ಟ್ರು ಅದಕ್ಕೆ ಕಿವಿ ಹಚ್ಚಿ, ರೇಡಿಯೋದವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಮನೆಯವರಿಗೆ ಹೇಳುತ್ತಿದ್ದರಂತೆ. ಹಾಲಿನ ಪಾತ್ರೆ ಇಡುವಾಗ ಇವರಿಗೆ ನಿನ್ನ ಹೆಸರು ಕೇಳಿಸಿತು. ರೈಲಿನಲ್ಲಿ ಮದ್ರಾಸಿನ ಹತ್ತಿರ ಇರಬೇಕಾದವನು ಕಲ್ಕತ್ತದಲ್ಲಿ ಗೋಲಿನ ಮುಂದೆ ನಿಂತಿದ್ದಾನೆ. ಮೇಷ್ಟ್ರು ಗಾಬರಿಯಾಗಿ ರೇಡಿಯೋ ಆರಿಸಲು ಹೋದರಂತೆ. "ಇರ್ಲಿ ಬಿಡಿ ಸಾರ್" ಎಂದು ನಿನ್ನ ಭಾವ ಹೊಸ್ತಿಲ ಹತ್ತಿರ ಕುಳಿತರು. ಮುಗಿಯುವವರೆಗೂ ಎದ್ದಿಲ್ಲ. ಕೊನೆಯಲ್ಲಿ ಆ ಎತ್ತರದ ಚೆಂಡನ್ನು ನೀನು ಹಿಡಿದೆ ಎಂದು ಮೇಷ್ಟ್ರು ಹೇಳಿದಾಗ ಇವರ ಎರಡೂ ಕೈ ತಾವಾಗಿಯೇ ಮೇಲಕ್ಕೆ ಎದ್ದಿದ್ದವಂತೆ. ಇದನ್ನು ಮೇಷ್ಟ್ರ ಹೆಂಡತಿ ಗಿರಿಜಾದೇವಿಯವರು ನನಗೆ ಹೇಳಿದ್ದು.

ಮನೆಗೆ ಬಂದು ಕಾಲು ತೊಳೆದುಕೊಂಡರು. ನಾನು ಒಲೆಯ ಮುಂದಿನಿಂದ ಏಳಲಿಲ್ಲ. "ನಿನ್ ತಮ್ಮ ಬರಲ್ಲ. ಅಡಿಗೆಯವರಿಗೆ ಹೇಳು, ಒಂದ್ ಎಲೆ ಕಮ್ಮಿ" ಎಂದರು. ಅಷ್ಟೇ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಗುರುವಾರ ಮುಹೂರ್ತದ ಹೊತ್ತಿಗೆ ನಿನ್ನ ಬದಲು ಯಾರು ಎತ್ತಬೇಕೆಂದು ಗುಸುಗುಸು ಶುರುವಾಯಿತು. ನನ್ನ ಚಿಕ್ಕಪ್ಪನ ಮಗ ಗಂಗಾಧರಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ಬಂದ. ಅವನೂ ವರಸೆಯಲ್ಲಿ ಮಾವನೇ. ಸೀತೂ ಬಾಸಿಂಗ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಬೇಡ ಮಾವ. ನನ್ನನ್ನ ಎತ್ತೋ ಕೈ ಒಂದೇ. ಅದು ಬರೋತನಕ ನಾನೇ ನಡೀತೀನಿ" ಎಂದಳು. ತಲೆ ತಗ್ಗಿಸಲಿಲ್ಲ ಪಿಳ್ಳಪ್ಪ. ಅಷ್ಟು ಜನರ ನಡುವೆ ಚಪ್ಪರದುದ್ದಕ್ಕೂ ಬರಿಗಾಲಿನಲ್ಲಿ ನಡೆದುಹೋದಳು. ವಾಲಗದವರು ಊದುವುದನ್ನೇ ನಿಲ್ಲಿಸಿದರು. ಎತ್ತಿಕೊಳ್ಳದೆ ಹಸೆಗೆ ಬಂದ ಮದುವಣಗಿತ್ತಿಯನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ.

ಬೀಗರು ರಾಮಯ್ಯನವರು ಕೇಳಿಯೇ ಬಿಟ್ಟರು. "ಏನ್ ಬೈರಣ್ಣ, ಹುಡುಗಿಗೆ ಸೋದರಮಾವ ಇಲ್ವಾ? ಬತ್ತಾನೆ ಅಂತಿದ್ರಿ."

ಮೂರು ವರ್ಷದ ಸಿಟ್ಟು, ನಾಲ್ಕು ಜನರ ಮುಂದೆ ಆದ ಅವಮಾನ, ಈಗ ಮತ್ತೊಂದು. ಎಲ್ಲ ಇಲ್ಲೇ ಒಡೆಯುತ್ತದೆ ಎಂದುಕೊಂಡೆ. ನಿನ್ನ ಭಾವ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಚಪ್ಪರಕ್ಕೆಲ್ಲ ಕೇಳುವ ಹಾಗೆ ಹೇಳಿದರು.

"ಅವ್ನೆ ಬೀಗ್ರೇ, ಯಾಕಿಲ್ಲ. ಕಲ್ಕತ್ತದಲ್ಲಿ ಅವ್ನೆ. ಇಡೀ ದೇಶಕ್ಕೆ ಇರೋದು ಒಂದು ಕಪ್ಪು, ಮೊನ್ನೆ ಅದನ್ನ ಹಿಡ್ಕಂಡವನು ನಮ್ಮುಡುಗ. ನಾನು ಸಾಕಿದ್ದು. ನಿಮ್ ಕಡೆ ಯಾರಾದ್ರೂ ಅವ್ರಾ ಅಂಥೋರು, ಕರೀರಿ, ಅವ್ರೇ ಎತ್ಕಳ್ಲಿ."

ರಾಮಯ್ಯನವರು ನಕ್ಕರು. ವಾಲಗ ಮತ್ತೆ ಶುರುವಾಯಿತು. ನಾನು ಕಂಬದ ಮರೆಗೆ ಹೋಗಿ ಅತ್ತೆ. ಮಗಳನ್ನು ಕಳಿಸಿಕೊಡುವ ಅಳು ಎಂದು ಎಲ್ಲರೂ ಸಮಾಧಾನ ಮಾಡಿದರು. ಅದಲ್ಲ. ನನ್ನ ತಮ್ಮನ ಬಗ್ಗೆ, ನನ್ನ ಮಗಳ ಬಗ್ಗೆ, ಆ ಒರಟು ಮನುಷ್ಯನ ಬಗ್ಗೆ, ಮೂವರ ಬಗ್ಗೆಯೂ ನನಗೆ ಒಟ್ಟಿಗೇ ಹೆಮ್ಮೆಯಾಯಿತು. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ಆದರೂ ಹೊಸ್ತಿಲಿನ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡಿಲ್ಲ. ನಾನೂ ಕೇಳಿಲ್ಲ. ಊರ ಮುಂದೆ ಹೊಗಳುವುದು ಬೇರೆ, ಮನೆಗೆ ಕರೆಯುವುದು ಬೇರೆ. ಏನು ಮಾಡುತ್ತಾರೋ ನೋಡೋಣ.

ನಿನ್ನ ಅಕ್ಕ,
ಅಂಜನಮ್ಮ


ಇಟ್ಟಮಡು
2–3–1959

ಪಿಳ್ಳಪ್ಪನಿಗೆ ಬೈರಣ್ಣ ತಿಳಿಸುವುದು.

ನಾನು ಕಾಗದ ಬರೆಯುವವನಲ್ಲ. ನಿನ್ನ ಅಕ್ಕ ಬರೆದುಕೊಡುತ್ತೇನೆ ಎಂದಳು, ಬೇಡ ಎಂದೆ. ಅವಳು ಇಲ್ಲದ್ದನ್ನೂ ಸೇರಿಸುತ್ತಾಳೆ.

ಮೆದೆ ಬಿಚ್ಚಿ ರಾಗಿ ಬಡಿದಾಯಿತು. ಹುಲ್ಲನ್ನು ಮತ್ತೆ ಒಟ್ಟಬೇಕು. ಕತ್ರಿಗುಪ್ಪೆಯವನನ್ನು ಕರೆಯುವುದಿಲ್ಲ, ಅವನ ಕೈಗೆ ಒಂದೂ ನಿಲ್ಲುವುದಿಲ್ಲ. ಬರುವ ಭಾನುವಾರ ನಿನಗೆ ಕಾರ್ಖಾನೆ ರಜ ಎಂದು ಮೇಷ್ಟ್ರು ಹೇಳಿದರು. ಬೆಳಿಗ್ಗೆಯೇ ಬಾ. ಕೆಳಗಿನಿಂದ ಎಸೆಯುವವನು ನಾನೇ.

ಹೊಸ್ತಿಲು ಇಲ್ಲ ಎಂದಿದ್ದೆ. ಅವತ್ತು ಬರಲಿಲ್ಲ ಅಂದರೆ ಎಂದಿದ್ದೆ. ಆ ದಿನ ಇನ್ನೂ ಮುಗಿದಿಲ್ಲ. ಯಾಕೆಂದರೆ ಸೀತೂ ಗಂಡನ ಜೊತೆ ಮೊದಲ ಸಲ ತವರಿಗೆ ಬರುವುದು ಅದೇ ಭಾನುವಾರ. ಹೊರಗೆ ಚಪ್ಪರದಲ್ಲೇ ನಿಂತಿರು, ನೀನಾಗಿ ಕಾಲು ಒಳಗಿಡಬೇಡ ಎಂದು ಅವಳಿಗೆ ಹೇಳಿ ಕಳಿಸಿದ್ದೇನೆ. ಚಪ್ಪರ ಬಿಚ್ಚಿಸಿಲ್ಲ. ಹಸೆಯನ್ನೂ ನಡುಮನೆಯಲ್ಲಿ ಹಾಗೆಯೇ ಇಟ್ಟಿದ್ದೇನೆ.

ತಡ ಮಾಡಬೇಡ, ಹೆಣ್ಣುಮಗು ಹೊರಗೇ ನಿಂತಿರುತ್ತಾಳೆ. ಎತ್ತಿಕೊಂಡು ಒಳಗೆ ಬಾ.

ನಾನು ಎಸೆದದ್ದನ್ನು ನೀನು ಒಂದು ದಿನವೂ ಕೆಳಗೆ ಬಿಟ್ಟವನಲ್ಲ.

ಬೈರಣ್ಣ